ಬಿಲ್ಲಿದೆ, ಹಂದಿ ಹೊಡೆಯುವುದಿಲ್ಲ

ಜಗಲಿಯ ಗೂಟದಲ್ಲಿ ಬಿಲ್ಲು ತೂಗಲು ಶುರುವಾದಾಗಿನಿಂದ ಮನೆಗೆ ಬಂದವರೆಲ್ಲ ಕೇಳುವುದು ಒಂದೇ: "ಹಂದಿ ಹೊಡಿತ್ಯನೇ ಇದ್ರಲ್ಲಿ?" ಶಿರಸಿ ಸೀಮೆಯಲ್ಲಿ ತೋಟ ಇದ್ದವರಿಗೆ ಬೇರೆ ಪ್ರಶ್ನೆ ಹೊಳೆಯುವುದೂ ಕಷ್ಟ. ಬಾಳೆ ಬುಡ ಬಗೆಯುವುದು ಹಂದಿ, ಎಳೆ ಅಡಿಕೆ ಚೀಪಿ ಉದುರಿಸುವುದು ಮಂಗ, ಬೈಸಿಕೊಳ್ಳುವುದು ಬೊಗಳದೇ ಮಲಗಿದ ನಾಯಿ. ಅದರಲ್ಲೂ ಚುನಾವಣೆ ಬಂತೆಂದರೆ ಊರಿನ ಲೈಸೆನ್ಸ್ ಕೋವಿಗಳೆಲ್ಲ ಠಾಣೆಗೆ ಹೋಗಿ ಕೂರುತ್ತವೆ. ಆಗ ನನ್ನ ಬಿಲ್ಲಿಗೆ ಎಲ್ಲಿಲ್ಲದ ಮರ್ಯಾದೆ.

ಕಾಯ್ದೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಕೋವಿಯೂ ಒಂದೇ, ಉರುಳೂ ಒಂದೇ, ಬಾಣವೂ ಒಂದೇ. ಅನುಮತಿ ಇಲ್ಲದೆ ಕಾಡುಪ್ರಾಣಿಗೆ ಗುರಿ ಇಟ್ಟರೆ ಅದು ಬೇಟೆಯೇ. ಆದರೆ ಕಾಯ್ದೆ ಇರದಿದ್ದರೂ ನಾನು ಹೊಡೆಯುತ್ತಿರಲಿಲ್ಲ.

ನನ್ನದು ಮೂರು ತುಂಡಿನ ರಿಕರ್ವ್ ಬಿಲ್ಲು, ಅಂದರೆ ತುದಿಗಳು ಮುಂದಕ್ಕೆ ಬಾಗಿರುವಂಥದ್ದು, 26 ಪೌಂಡಿನದು. ಹೆದೆಯನ್ನು ಪೂರ್ತಿ ಎಳೆದಾಗ ಬೆರಳ ಮೇಲೆ ಹೆಚ್ಚುಕಡಿಮೆ 12 ಕೆಜಿ ಭಾರ. ಗುರಿ ಕಲಿಯಲು ಇದು ಧಾರಾಳ. ಬಿಲ್ಲಿನ ಬೇಟೆಗೆ ಅವಕಾಶ ಇರುವ ಅಮೆರಿಕದಲ್ಲಿ ಜಿಂಕೆಗೇ 35, 40 ಪೌಂಡ್ ಆದರೂ ಇರಬೇಕು ಎಂದು ಎಷ್ಟೋ ರಾಜ್ಯಗಳ ನಿಯಮ. ಡೆನ್ಮಾರ್ಕ್, ಫ್ರಾನ್ಸ್‌ಗಳಲ್ಲೂ ಅವಕಾಶ ಉಂಟು, ಬ್ರಿಟನ್ನಿನಲ್ಲಿ ಇಲ್ಲ. ಭಾರ ಅಷ್ಟೇ ಅಲ್ಲ, ಬಾಣ ಕೊಲ್ಲುವ ರೀತಿಯೇ ಬೇರೆ. ಕೋವಿಯ ಈಡು ಬಿದ್ದ ಪ್ರಾಣಿಗೆ ಪೆಟ್ಟಿನ ಧಕ್ಕೆ ಇರುತ್ತದೆ. ಬೇಟೆಯ ಬಾಣದ ತುದಿಯಲ್ಲಿ ಇರುವುದು ಬ್ಲೇಡು; ಅದು ಮುಂಗಾಲಿನ ಹಿಂದೆ ಹೊಕ್ಕು ಶ್ವಾಸಕೋಶ ಕೊಯ್ಯಬೇಕು, ಪ್ರಾಣಿ ರಕ್ತ ಸುರಿದು ಸಾಯಬೇಕು. ಅದಕ್ಕೇ ಅಲ್ಲಿಯ ಬೇಟೆಗಾರರು 20, 30 ಮೀಟರಿನ ಒಳಗೆ ಬರುವವರೆಗೂ ಕಾಯುತ್ತಾರೆ. ಹೊಡೆದ ಮೇಲೂ ಅರ್ಧ ಗಂಟೆ ಸುಮ್ಮನೆ ಕೂತು, ಆಮೇಲೆ ನೆತ್ತರ ಹನಿ ಹುಡುಕುತ್ತ ಹೋಗುತ್ತಾರೆ.

ನನ್ನ ಬಾಣ 30 ಮೀಟರ್ ಹೋಗಲು ಅರ್ಧ ಸೆಕೆಂಡಿಗಿಂತ ಹೆಚ್ಚು ಬೇಕು. ಹೆದೆಯ ಸದ್ದು ಅದಕ್ಕಿಂತ ಬಹಳ ಮೊದಲೇ ಪ್ರಾಣಿಯ ಕಿವಿಗೆ ಮುಟ್ಟಿರುತ್ತದೆ. ಅದು ಒಂದು ಹೆಜ್ಜೆ ಇಟ್ಟರೂ ಸಾಕು, ಶ್ವಾಸಕೋಶದ ಬಾಣ ಹೊಟ್ಟೆಗೆ ಬೀಳುತ್ತದೆ. ನಮ್ಮ ಬೆಟ್ಟದ ಲಂಟಾನದಲ್ಲಿ, ಜಡಿಮಳೆಯಲ್ಲಿ, ಯಾವ ನೆತ್ತರ ಜಾಡು ಹಿಡಿದು ಹೋಗುವುದು? ಹೊಟ್ಟೆಯಲ್ಲಿ ಬಾಣ ಸಿಕ್ಕಿಕೊಂಡ ಹಂದಿ ಎಲ್ಲೋ ಹಳ್ಳದ ಮಟ್ಟಿಯಲ್ಲಿ ನರಳುತ್ತ ಬಿದ್ದಿರುತ್ತದೆ. ಬೆಳಿಗ್ಗೆ ಸೊಪ್ಪಿಗೆ ಹೋದ ಹೆಂಗಸು ಅದರ ಎದುರಿಗೇ ಹೋಗಿ ನಿಂತರೆ?

ಇಷ್ಟೆಲ್ಲ ಹೇಳಿದ ಮೇಲೆ ಅತ್ತೆ ಕೇಳಿದ್ದು: "ಹಂಗಾರೆ ಎಂತಕ್ಕೆ ಹೊಡೆಯದು ಮಾರಾಯ್ತಿ?"

ಧರೆಗೆ ಹೊಡೆಯುವುದಕ್ಕೆ! ಹೊಸ ತೋಟದ ತುದಿಯಲ್ಲಿ ಎರಡಾಳೆತ್ತರದ ಮಣ್ಣಿನ ಧರೆ ಇದೆ. ಗೋಣಿಚೀಲಕ್ಕೆ ಹಳೇ ಸೀರೆ, ಹರಿದ ಕಂಬಳಿ ಗಿಡಿದು ಅಡಿಕೆ ದಬ್ಬೆಯ ಚೌಕಟ್ಟಿಗೆ ಕಟ್ಟಿ ಅದರ ಮುಂದೆ ನಿಲ್ಲಿಸಿದ್ದೇನೆ. ಗುರಿ ತಪ್ಪಿದ್ದು ಮಣ್ಣಿಗೆ ನಾಟುತ್ತದೆ. ಹಿಂದೆ ಧರೆ ಇಲ್ಲದ ಕಡೆ ನಾನು ಬಿಲ್ಲು ಎತ್ತುವುದೇ ಇಲ್ಲ, ಮೇಲಕ್ಕೆ ಹಾರಿದ ಬಾಣ ನೂರು ಮೀಟರ್ ದಾಟಿ ಯಾರ ಅಂಗಳಕ್ಕೆ ಇಳಿದೀತೋ. ಕಲ್ಲಿಗೆ ತಾಗಿದ ಕಾರ್ಬನ್ ಬಾಣವನ್ನು ಹಾಗೇ ಮತ್ತೆ ಹೂಡುವಂತಿಲ್ಲ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಬಗ್ಗಿಸಿದಾಗ ಚಿಟಿಚಿಟಿ ಅಂದರೆ ಮುರಿದು ಎಸೆಯಬೇಕು. ಸೀಳಿದ ಬಾಣ ಹೆದೆ ಬಿಡುವಾಗ ಒಡೆದು ಕೈಗೇ ಹೊಕ್ಕುತ್ತದೆ.

ದೂರ ಅಳೆಯಲು ತೋಟದಷ್ಟು ಅನುಕೂಲ ಯಾವ ಮೈದಾನದಲ್ಲೂ ಇಲ್ಲ. ಸಾಲು ಹಿಡಿದು ನೆಟ್ಟ ಹೊಸ ತೋಟದಲ್ಲಿ ಮರದಿಂದ ಮರಕ್ಕೆ ಒಂಬತ್ತು ಅಡಿ. ಹನ್ನೊಂದು ಸಂದು ಎಣಿಸಿದರೆ 30 ಮೀಟರ್. ಒಲಿಂಪಿಕ್ಸ್‌ನವರು ಹೊಡೆಯುವ 70 ಮೀಟರ್ ಎಂದರೆ ಇಪ್ಪತ್ತೈದು ಸಂದು ದಾಟಿ ಇನ್ನೂ ಆಚೆ. ಅಷ್ಟು ದೂರದಲ್ಲಿ 122 ಸೆಂಟಿಮೀಟರಿನ ವೃತ್ತ, ಅದರ ನಡುವೆ ಹತ್ತು ಅಂಕದ ಜಾಗ 12.2 ಸೆಂಟಿಮೀಟರ್. ಅಲ್ಲಿ ನಿಂತು ನೋಡಿ ಬಂದಾಗಿನಿಂದ ನಮ್ಮ ದೇಶದ ಬಿಲ್ಲುಗಾರ್ತಿ ದೀಪಿಕಾ ಕುಮಾರಿಯ ಆಟವನ್ನು ಟೀವಿಯಲ್ಲಿ ಕೂತು ಟೀಕಿಸುವುದು ಬಿಟ್ಟಿದ್ದೇನೆ.

ಇಳಿಜಾರಿನ ಗುರಿ ಇನ್ನೂ ಮಜ. ಬೆಟ್ಟದ ಮೇಲಿಂದ ತೋಟಕ್ಕೆ ಹೊಡೆಯುವಾಗ ಕಣ್ಣು 30 ಮೀಟರ್ ಅನ್ನುತ್ತದೆ. ಆದರೆ ಭೂಮಿ ಬಾಣವನ್ನು ಕೆಳಕ್ಕೆ ಎಳೆಯುವ ಲೆಕ್ಕಕ್ಕೆ ಬರುವುದು ಸಮತಟ್ಟಾಗಿ ಅಳೆದ ಅಡ್ಡದೂರ ಮಾತ್ರ. 30 ಡಿಗ್ರಿ ಇಳಿಜಾರಾದರೆ ಅದು 26 ಮೀಟರ್. ಅಷ್ಟಕ್ಕೇ ಗುರಿ ಹಿಡಿಯಬೇಕು, ಇಲ್ಲದಿದ್ದರೆ ಬಾಣ ಚೀಲದ ನೆತ್ತಿಯ ಮೇಲಿಂದ ಹೋಗುತ್ತದೆ. ಕೆಳಗಿನಿಂದ ಮೇಲಕ್ಕೆ ಹೊಡೆದರೂ ಲೆಕ್ಕ ಅದೇ ಎಂದರೆ ನಮ್ಮನೆಯವರು ಇನ್ನೂ ನಂಬಿಲ್ಲ.

ನಾನು ಬಲಗೈಯಲ್ಲಿ ಬಿಲ್ಲು ಹಿಡಿದು ಎಡಗೈಯಲ್ಲಿ ಎಳೆಯುತ್ತೇನೆ. ಬರೆಯುವುದು, ಬಡಿಸುವುದು ಎಲ್ಲ ಬಲಗೈಯೇ, ಆದರೆ ಗುರಿ ಹಿಡಿಯುವ ಕಣ್ಣು ಎಡದ್ದು. ಎರಡೂ ಕೈ ಮುಂದೆ ಚಾಚಿ, ನಡುವೆ ಸಣ್ಣ ಕಿಂಡಿ ಮಾಡಿ, ದೂರದ ತೆಂಗಿನ ಗೊನೆ ನೋಡಿ. ಒಂದೊಂದೇ ಕಣ್ಣು ಮುಚ್ಚಿದರೆ ಗೊನೆ ಯಾವ ಕಣ್ಣಿಗೆ ಉಳಿಯುತ್ತದೋ ಅದೇ ನಿಮ್ಮ ಕಣ್ಣು. ಬಿಲ್ಲು ಕೊಳ್ಳುವ ಮೊದಲೇ ಇದನ್ನು ನೋಡಿಕೊಳ್ಳಿ. ತಾಳಮದ್ದಲೆಯಲ್ಲಿ ಅರ್ಥ ಹೇಳುವ ನಮ್ಮ ಭಾವ ಅಂದಿನಿಂದ ನನ್ನನ್ನು ಕರೆಯುವುದೇ ಸವ್ಯಸಾಚಿ ಎಂದು. ಅವರ ಕೂಟದಲ್ಲಿ ಬಾಣ ಬಿಡುವ ಕೆಲಸವನ್ನೆಲ್ಲ ಚಂಡೆಯೇ ಮಾಡುತ್ತದೆ, ಗುರಿ ತಪ್ಪುವ ಮಾತೇ ಇಲ್ಲ.

ಮಳೆಗಾಲದಲ್ಲಿ ಬಿಲ್ಲಿನ ಮರಕ್ಕೂ ಬೂಸ್ಟು ಹಿಡಿಯುತ್ತದೆ, ದಿನಾ ಒರೆಸಬೇಕು. ಆಗ ಅಭ್ಯಾಸ ಕೊಟ್ಟಿಗೆಯಲ್ಲಿ. ಮೂರು ಮೀಟರ್ ದೂರದ ಚೀಲಕ್ಕೆ, ಕಣ್ಣು ಮುಚ್ಚಿಕೊಂಡು. ನೋಡಲು ಹುಚ್ಚಾಟ, ಆದರೆ ಹೆದೆ ದವಡೆಯ ಅದೇ ಜಾಗಕ್ಕೆ ಬಂತೋ, ಬೆರಳು ಸಡಿಲವಾಯಿತೋ ಎಳೆದು ಬಿಟ್ಟಿತೋ ಎಂಬುದು ಗುರಿ ಕಾಣದಿದ್ದಾಗಲೇ ಸರಿಯಾಗಿ ಗೊತ್ತಾಗುವುದು. ಎಮ್ಮೆಯೂ ಈಗ ತಿರುಗಿ ನೋಡುವುದಿಲ್ಲ.

ಅಕ್ಕನ ಮಗನಿಗೆ ಈ ರಿಕರ್ವ್ ಎಲ್ಲ ಹಳೇ ಕಾಲದ್ದು. ಅವನಿಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲೇ ಬೇಕು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಅದೂ ಸೇರಿದೆ, ಮಿಶ್ರ ತಂಡದ ಸ್ಪರ್ಧೆಯಲ್ಲಿ. ಚಿಕ್ಕಮ್ಮ ಹೇಳಿದರೆ ಅಪ್ಪ ಒಪ್ಪುತ್ತಾನೆ ಎಂದು ಹಟ ಹಿಡಿದ. ಹೇಳಿದೆ. ಭಾವ ಬೆಲೆ ಕೇಳಿದವರೇ ಎಲೆ ಅಡಿಕೆಯ ತಬಕು ಹತ್ತಿರ ಎಳೆದುಕೊಂಡು, ಅಡಿಕೆ ಮಾರಿದ ಮೇಲೆ ನೋಡೋಣ ಅಂದರು.