ಥಾರ್ ಮರಳಿನಲ್ಲಿ ಮೂರು ಸಂಜೆ

ಮೊದಲ ಸಂಜೆ ನಾನು ತೆಗೆದ ಫೋಟೊ ಮುನ್ನೂರಕ್ಕೂ ಮೇಲೆ. ಈಗ ಉಳಿದಿರುವುದು ಒಂದೇ ಒಂದು, ಅದೂ ಭಾವ ಒಂಟೆಯ ಮೇಲೆ ಕೂತು ಹೆದರಿಕೊಂಡಿರುವುದು. ಸೂರ್ಯಾಸ್ತದ್ದು ಒಂದೂ ಇಲ್ಲ. ಅದಕ್ಕೆಂದೇ ರಜೆ ಹಾಕಿ, ಟ್ರೈಪಾಡ್ ಹೊತ್ತು, ರೈಲು ಬದಲಿಸುತ್ತ ಜೈಸಲ್ಮೇರ್ ತನಕ ಹೋಗಿದ್ದೆ. ನೀವೂ ಕ್ಯಾಮೆರಾ ಹಿಡಿದು ಅತ್ತ ಹೊರಟಿದ್ದರೆ ಅಂಥ ಸಂಜೆ ನಿಮಗೆ ಬೇಡವೆಂದು ಇದನ್ನು ಬರೆಯುತ್ತಿದ್ದೇನೆ.

ಹೋಗುವ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೋಧಪುರ ತಲುಪಿಕೊಂಡರೆ ಅಲ್ಲಿಂದ ರೈಲಿದೆ, ಐದಾರು ಗಂಟೆ ಪ್ರಯಾಣ. ಕಾಲ ನವೆಂಬರ್‌ನಿಂದ ಫೆಬ್ರುವರಿ. ಅದಾದ ಮೇಲೆ ಬಿಸಿಲೇರುತ್ತದೆ, ಧೂಳುಗಾಳಿ ಶುರುವಾಗುತ್ತದೆ.

ಒಂದು ಲೆಕ್ಕ ಮಾತ್ರ ಮನೆಯಲ್ಲೇ ಮಾಡಿಕೊಳ್ಳಿ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶಕ್ಕೆ. ಜೈಸಲ್ಮೇರ್ ಇರುವುದು 71ರ ಹತ್ತಿರ. ಡಿಗ್ರಿಗೆ 4 ನಿಮಿಷದಂತೆ ಹಿಡಿದರೆ ಅಲ್ಲಿಯ ಸೂರ್ಯ ನಮ್ಮ ಕೈಗಡಿಯಾರಕ್ಕಿಂತ ಮುಕ್ಕಾಲು ಗಂಟೆ ಹಿಂದೆ. ಡಿಸೆಂಬರ್ ಮೊದಲ ವಾರದಲ್ಲೂ ಹೊತ್ತು ಮುಳುಗುವಾಗ 5.50 ಆಗಿರುತ್ತದೆ. ನಾವು ಹೋದ ಜನವರಿ ಕೊನೆಯ ವಾರದಲ್ಲಿ 6.20 ದಾಟಿತ್ತು. ಹೋಟೆಲಿನವರನ್ನು ಕೇಳಿದರೆ ಐದಕ್ಕೆ ಹೊರಟರೆ ಸಾಕು ಅನ್ನುತ್ತಾರೆ. ಸೂರ್ಯನನ್ನು ನೋಡಿ ಬರಲು ಅಷ್ಟು ಸಾಕು ನಿಜ. ಫೋಟೊ ಬೇಕೆನ್ನುವವರು ಮುಳುಗುವ ಎರಡು ಗಂಟೆ ಮೊದಲೇ ಮರಳಿನ ಮೇಲಿರಬೇಕು.

ನಾನು ಇರಲಿಲ್ಲ. ಊರಿಂದ ಪಶ್ಚಿಮಕ್ಕೆ 40 ಕಿ.ಮೀ. ದೂರದ ಸಮ್ ದಿಬ್ಬಗಳನ್ನು ಮುಟ್ಟಿದ್ದು 5.35ಕ್ಕೆ. ಎಲ್ಲರೂ ಹೋಗುವುದು ಅಲ್ಲಿಗೇ. ರಸ್ತೆಗುಂಟ ಟೆಂಟುಗಳ ಸಾಲು, ಸ್ಪೀಕರಿನಲ್ಲಿ ಹಾಡು, ದಿಬ್ಬ ಹತ್ತಿಳಿಯುವ ಜೀಪುಗಳ ಅಬ್ಬರ. ಚಾಪೆಯಗಲ ಜಾಗವೂ ಹೆಜ್ಜೆಗುರುತಿಲ್ಲದೆ ಉಳಿದಿರಲಿಲ್ಲ. ನೆತ್ತಿಯ ಬಿಸಿಲಿನಲ್ಲಿ ಹೆಜ್ಜೆಗುರುತು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಓರೆ ಬಿಸಿಲು ಬಿತ್ತೆಂದರೆ ಒಂದೊಂದೂ ಕಪ್ಪು ಗುಳಿಯಾಗಿ, ದಿಬ್ಬದ ಮೈಗೆ ಸಿಡುಬು ಎದ್ದ ಹಾಗೆ ಫೋಟೊದಲ್ಲಿ ಕೂರುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಒರೆಸುತ್ತೇನೆ ಅಂದುಕೊಂಡಿದ್ದೆ. ಎಷ್ಟನ್ನು ಅಂತ ಒರೆಸುವುದು!

ಸೂರ್ಯನಾದರೂ ಕೈಹಿಡಿದನೇ? ಇನ್ನೂ ಎರಡು ಬೆರಳು ಎತ್ತರದಲ್ಲಿರುವಾಗಲೇ ಧೂಳಿನಲ್ಲಿ ಮಾಸಿದ ತಾಮ್ರದ ಕಾಸಿನಂತಾಗಿ, ನೆಲ ಮುಟ್ಟುವ ಮೊದಲೇ ಇಲ್ಲವಾದ. ಮರುಭೂಮಿ ಅಂದರೆ ಕೆಂಡದ ಆಕಾಶ ಅಂದುಕೊಂಡಿದ್ದವನಿಗೆ ಇದು ದೊಡ್ಡ ನಿರಾಸೆ. ಸೂರ್ಯ ಇಳಿದಂತೆ ಬೆಳಕು ಹೆಚ್ಚು ಗಾಳಿ ಹಾದು ಬರಬೇಕಾಗುತ್ತದೆ, ಗಾಳಿಯ ಅಣುಗಳು ನೀಲಿಯನ್ನು ಚದುರಿಸಿಬಿಡುತ್ತವೆ, ನಮಗೆ ಕೆಂಪು ಉಳಿಯುತ್ತದೆ. ಇಷ್ಟು ಶಾಲೆಯಲ್ಲೇ ಓದಿದ್ದು. ಆದರೆ ಇದು ತಿಳಿಗಾಳಿಯ ಆಟ. ದಪ್ಪ ಧೂಳು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ಸಮನೆ ಚದುರಿಸುವುದರಿಂದ ಆಕಾಶ ಮಜ್ಜಿಗೆಯ ಹಾಗೆ ಬೆಳ್ಳಗಾಗುತ್ತದೆ. ನಿಮಗೆ ಬೇಕಾದ್ದು ಎತ್ತರದಲ್ಲಿ ಹತ್ತಿ ಎಳೆದಂಥ ತೆಳುಮೋಡ. ಚಳಿಗಾಲದಲ್ಲಿ ವಾಯವ್ಯ ಭಾರತದ ಮೇಲೆ ಪಶ್ಚಿಮದಿಂದ ಮೋಡದ ಅಲೆಗಳು ಆಗಾಗ ಹಾದುಹೋಗುತ್ತವೆ. ಹವಾಮಾನ ವರದಿಯಲ್ಲಿ ಅಂಥದ್ದೊಂದು ಕಂಡರೆ ಅದರ ಹಿಂದುಮುಂದಿನ ಸಂಜೆ ಬಿಡಬೇಡಿ. ಈ ಕಾರಣಕ್ಕೇ ಒಂದೇ ಸಂಜೆ ಇಟ್ಟುಕೊಂಡು ಹೋಗುವುದು ಜೂಜು. ಮೂರಾದರೂ ಇರಲಿ.

ಎರಡನೇ ದಿನ ನೈಋತ್ಯ ದಿಕ್ಕಿನ ಖುರಿಗೆ ಹೋದೆವು. ದೂರ ಸಮ್‌ನಷ್ಟೇ, ಗದ್ದಲ ಕಡಿಮೆ. ನಾಲ್ಕು ಗಂಟೆಗೇ ಮುಟ್ಟಿದ್ದೆವು. ಜನ ಕೂರುವ ದಿಬ್ಬದ ಹತ್ತಿರ ಒಂಟೆಯವನೊಬ್ಬ ಬೀಡಿ ಹಚ್ಚುತ್ತಿದ್ದ. ಇನ್ನೂ ಆಚೆ ಹೋಗೋಣ ಅಂದೆ. "ಉಧರ್ ಕುಛ್ ನಹೀ ಹೈ, ಸಾಬ್," ಅಂದ. ಅಲ್ಲಿ ಏನೂ ಇಲ್ಲವಂತೆ. ನನಗೂ ಅದೇ ಬೇಕಿತ್ತು. ನಕ್ಕು ಒಂಟೆ ಎಬ್ಬಿಸಿದ. ದರ, ಎಷ್ಟು ಹೊತ್ತು, ಕತ್ತಲಾದ ಮೇಲೆ ಕಾಯಬೇಕೇ ಇಲ್ಲವೇ ಎಲ್ಲವನ್ನೂ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಅವನ ಅಥವಾ ಒಂಟೆಯ ಫೋಟೊ ಬೇಕಿದ್ದರೆ ಅದನ್ನೂ ಮುಚ್ಚುಮರೆಯಿಲ್ಲದೆ ಕೇಳಿ, ಕೊಡಬೇಕಾದ್ದನ್ನು ಕೊಡಿ. ಕದ್ದು ತೆಗೆದ ಫೋಟೊದಲ್ಲಿ ಒಂಟೆ ಎಂದೂ ಸರಿಯಾಗಿ ನಿಂತಿರುವುದಿಲ್ಲ. ಕೇಳಿದ್ದಕ್ಕೆ ಅವನು ದಿಬ್ಬದ ನೆತ್ತಿಯ ಮೇಲೆ ಮೂರು ಸಲ ನಡೆಸಿ ತೋರಿಸಿದ. ನೆರಳುಚಿತ್ರ ತೆಗೆಯುವಾಗ ನೀವು ಕೆಳಗೆ ಕೂತು ಅಥವಾ ಮಲಗಿ, ಒಂಟೆಯ ಇಡೀ ಮೈ ಆಕಾಶಕ್ಕೆ ಒತ್ತುವಂತೆ ನೋಡಿಕೊಳ್ಳಿ. ನಾಲ್ಕು ಕಾಲೂ ಬಿಡಿಬಿಡಿಯಾಗಿ ಕಾಣುವ ಕ್ಷಣಕ್ಕೆ ಕ್ಲಿಕ್ಕಿಸಿ. ಎರಡು ಕಾಲು ಒಂದಾದರೆ ಅದು ಒಂಟೆಯಲ್ಲ, ಮುರಿದ ಮೇಜು.

ಇನ್ನು ಮರಳಿನ ವಿಷಯ. ಇದನ್ನು ಮೊದಲೇ ತಿಳಿದುಕೊಂಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು. ದಿಬ್ಬಕ್ಕೆ ಎರಡು ಮುಖ. ಗಾಳಿಗೆ ಎದುರಾದದ್ದು ನಿಧಾನವಾಗಿ ಏರುವ ಇಳಿಜಾರು, ನಡೆಯಲು ಗಟ್ಟಿ. ಹಿಂಬದಿಯದು ಮರಳು ಜಾರಿ ಬೀಳುವ ಕಡಿದಾದ ಮುಖ, ಒಣ ಮರಳು ನಿಲ್ಲಬಲ್ಲ ಸುಮಾರು 33 ಡಿಗ್ರಿ ಓರೆಯಲ್ಲಿರುತ್ತದೆ. ಥಾರ್‌ನಲ್ಲಿ ದಿಬ್ಬ ಕಟ್ಟುವ ದೊಡ್ಡ ಗಾಳಿ ಬೇಸಿಗೆ ಮತ್ತು ಮುಂಗಾರಿನ ನೈಋತ್ಯದ ಗಾಳಿ. ಹಾಗಾಗಿ ಜಾರುವ ಮುಖ ಬಹುಮಟ್ಟಿಗೆ ಈಶಾನ್ಯಕ್ಕಿರುತ್ತದೆ. ಚಳಿಗಾಲದಲ್ಲಿ ಸೂರ್ಯ ಮುಳುಗುವುದು ನೇರ ಪಶ್ಚಿಮದಲ್ಲಲ್ಲ, ದಕ್ಷಿಣಕ್ಕೆ ವಾಲಿಕೊಂಡು. ಡಿಸೆಂಬರ್ ಕೊನೆಗೆ ಆ ವಾಲಿಕೆ 26 ಡಿಗ್ರಿಯಷ್ಟು. ಎರಡನ್ನೂ ಕೂಡಿಸಿ ನೋಡಿ: ಗಾಳಿ ಬರುವ ಕಡೆಯಿಂದಲೇ ಸಂಜೆಯ ಬೆಳಕೂ ಬರುತ್ತದೆ. ಏರುಮುಖ ಪೂರ್ತಿ ಬೆಳಗುತ್ತದೆ, ಜಾರುಮುಖ ಪೂರ್ತಿ ಕಪ್ಪಾಗುತ್ತದೆ, ನಡುವೆ ದಿಬ್ಬದ ಅಂಚು ಚಾಕುವಿನಲ್ಲಿ ಸೀಳಿದ ಹಾಗೆ ನಿಲ್ಲುತ್ತದೆ. ಆ ಅಂಚಿಗೆ ಅಡ್ಡಲಾಗಿ ಅಲ್ಲ, ಅದರ ಉದ್ದಕ್ಕೆ ಕ್ಯಾಮೆರಾ ತಿರುಗಿಸಿ. ಒಂದು ಕಡೆ ಹೊನ್ನು, ಒಂದು ಕಡೆ ನೀಲಿಗಪ್ಪು, ನಡುವೆ ಬಳುಕುವ ಗೆರೆ. ಸೂರ್ಯ ಚೌಕಟ್ಟಿನಲ್ಲಿ ಇಲ್ಲದೆಯೂ ಅದು ಸೂರ್ಯಾಸ್ತದ್ದೇ ಫೋಟೊ. ಬೇಸಿಗೆಯ ಸೂರ್ಯ ಉತ್ತರಕ್ಕೆ ವಾಲಿ ಮುಳುಗುವುದರಿಂದ ಈ ಜೋಡಣೆ ಇಷ್ಟು ಚೊಕ್ಕವಾಗಿ ಒದಗುವುದಿಲ್ಲ.

ಮರಳ ಮೈಮೇಲಿನ ಅಲೆಗೆರೆಗಳಿಗೂ ಇದೇ ಮಾತು. ಅವು ಗಾಳಿಗೆ ಅಡ್ಡಲಾಗಿ ಏಳುತ್ತವೆ. ಬೆಳಕು ಗೆರೆಗಳನ್ನು ಅಡ್ಡ ಹಾಯ್ದರೆ ಒಂದೊಂದು ಗೆರೆಗೂ ನೆರಳು ಸಿಕ್ಕಿ ಎದ್ದು ಕಾಣುತ್ತದೆ, ಗೆರೆಗಳ ಉದ್ದಕ್ಕೆ ಹರಿದರೆ ನೆಲ ಚಪ್ಪಟೆ. ಒಂದು ಕಡೆ ಮೊಣಕಾಲೂರಿ ಕೂತಿದ್ದೆ. ಬಟಾಣಿ ಗಾತ್ರದ ಕರಿ ಜೀರುಂಡೆಯೊಂದು ಗೆರೆಯಿಂದ ಗೆರೆಗೆ ಹತ್ತಿಳಿಯುತ್ತ ಹೊರಟಿತ್ತು. ಅದರ ಹಿಂದೆ ಎರಡು ಸಾಲು ಚುಕ್ಕಿ, ಯಾರೋ ಕಸೂತಿ ಹಾಕಿದ ಹಾಗೆ. ಒಂದೊಂದು ಚುಕ್ಕಿಗೂ ಸಾಸಿವೆಯಷ್ಟು ನೆರಳು. ಐದು ನಿಮಿಷಕ್ಕೆ ಗಾಳಿ ಆ ಸಾಲಿನ ತುದಿಯನ್ನು ಅಳಿಸತೊಡಗಿತು. ನನ್ನ ಪಾಲಿಗೆ ಆ ಪ್ರವಾಸದ ಒಳ್ಳೆಯ ಫೋಟೊ ಅದೇ. ನೀವು ನಡೆದು ಹೋಗುವಾಗಲೂ ಯಾವ ಕಡೆ ಫೋಟೊ ತೆಗೆಯುವಿರೋ ಆ ಕಡೆ ಕಾಲಿಡಬೇಡಿ, ಸುತ್ತು ಹಾಕಿ ಹೋಗಿ. ಜೊತೆಗಿರುವವರಿಗೂ ಹೇಳಿ. ಭಾವನಿಗೆ ಹೇಳಲು ಮರೆತಿದ್ದೆ.

ಆ ದಿನ ಎಲ್ಲ ಚೆನ್ನಾಗಿ ನಡೆದಿತ್ತು. ಸೂರ್ಯ ಇನ್ನೂ ಒಂದು ಮುಷ್ಟಿ ಎತ್ತರದಲ್ಲಿದ್ದ. ಕೈ ನೀಟಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ, ಅಲ್ಲಿಯ ಸೂರ್ಯ ಅಷ್ಟು ಇಳಿಯಲು ಮುಕ್ಕಾಲು ಗಂಟೆ ಬೇಕು. ಸಮಯವಿದೆಯಲ್ಲ ಎಂದು ಲೆನ್ಸ್ ಬದಲಿಸಲು ಹೋದೆ. ಬೆನ್ನು ಗಾಳಿಗೆ ಕೊಟ್ಟೇ ಕೂತಿದ್ದೆ. ಆದರೂ ಒಂದು ಬೀಸು ಬಂತು. ಮತ್ತೆ ಫೋಕಸ್ ರಿಂಗ್ ತಿರುಗಿಸಿದಾಗ ಹಲ್ಲಿನ ನಡುವೆ ಕಲ್ಲು ಸಿಕ್ಕಿದ ಹಾಗೆ ಕರ್ರ್ ಅಂತು. ಸೆನ್ಸರ್ ಮೇಲೂ ಎರಡು ಕಣ. ಅಲ್ಲಿಗೆ ಆ ಸಂಜೆ ಮುಗಿಯಿತು. ಮರಳಿನ ಮೇಲೆ ಲೆನ್ಸ್ ಬದಲಿಸಬೇಡಿ, ಜೀಪಿನೊಳಗೂ ಕಿಟಕಿ ಏರಿಸಿಯೇ ಬದಲಿಸಿ. ಒಂದೇ ಜೂಮ್ ಹಾಕಿಕೊಂಡು ಹೋಗಿ, 24ರಿಂದ 105 ಮಿ.ಮೀ. ಅಥವಾ ಅದರ ಆಸುಪಾಸಿನದು ಧಾರಾಳ ಸಾಕು. ಉಳಿದ ಹೊತ್ತು ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ಚೀಲ ಕಟ್ಟಿ. ಗಾಜಿನ ಮೇಲೆ ಮರಳು ಕಂಡರೆ ಬಟ್ಟೆ ಮುಟ್ಟಿಸಬೇಡಿ, ಗೀರು ಬೀಳುತ್ತದೆ. ರಬ್ಬರ್ ಬುರುಡೆಯ ಬ್ಲೋವರ್‌ನಿಂದ ಊದಿ. ಬಾಯಿಂದ ಊದಿದರೆ ಉಗುಳು ಹಾರಿ ಇನ್ನಷ್ಟು ರಾಡಿ.

ಸೆಟ್ಟಿಂಗ್ ಬಗ್ಗೆ ನಾಲ್ಕು ಮಾತು. ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ತಿದ್ದದೆ ಉಳಿಸುವ ಕಚ್ಚಾ ರೂಪದಲ್ಲೇ ತೆಗೆಯಿರಿ. ಬಣ್ಣ ಸರಿದೂಗಿಸುವ ವೈಟ್ ಬ್ಯಾಲೆನ್ಸ್ ಆಟೋದಲ್ಲಿದ್ದರೆ ಕ್ಯಾಮೆರಾ ಆ ಕೆಂಪನ್ನು ತಪ್ಪೆಂದು ತಿಳಿದು ತಿದ್ದಲು ಹೊರಡುತ್ತದೆ, ಡೇಲೈಟ್‌ಗೆ ಕಟ್ಟಿಹಾಕಿ. ಬರೀ ಮರಳು ತುಂಬಿದ ಚೌಕಟ್ಟಿಗೆ ಕ್ಯಾಮೆರಾದ ಮೀಟರ್ ಮೋಸಹೋಗಿ ಮಬ್ಬು ಮಾಡುತ್ತದೆ, ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಏರಿಸಿ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಸೂರ್ಯನ ಸುತ್ತಲ ಬಣ್ಣ ಬೇಕಿದ್ದರೆ ಅದೇ ರೀತಿ ಇಳಿಸಿ. ಲೆನ್ಸಿನೊಳಗೆ ಬೆಳಕು ಬಿಡುವ ತೂತನ್ನು, ಅಂದರೆ ಅಪರ್ಚರನ್ನು, ಎಫ್ 16ಕ್ಕೆ ಕಿರಿದಾಗಿಸಿ, ಸೂರ್ಯ ದಿಬ್ಬದ ಅಂಚಿಗೆ ಅರ್ಧ ಮರೆಯಾದಾಗ ತೆಗೆದರೆ ಕಿರಣಗಳು ನಕ್ಷತ್ರದಂತೆ ಒಡೆಯುತ್ತವೆ. ಸೂರ್ಯಬಿಂಬ ನೆಲ ಮುಟ್ಟಿದಲ್ಲಿಂದ ಪೂರ್ತಿ ಮರೆಯಾಗಲು ಎರಡು ನಿಮಿಷ ಚಿಲ್ಲರೆ ಅಷ್ಟೇ, ಆಗ ಮೆನುವಿನೊಳಗೆ ತಡಕಾಡುತ್ತ ಕೂರಬೇಡಿ. ಫೋನಾದರೆ ಆಕಾಶದ ಮೇಲೆ ಬೆರಳು ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕನ್ನು ಕೆಳಗೆಳೆಯಿರಿ. ಮುಖ್ಯವಾದದ್ದು ಕಣ್ಣು. ಟೆಲಿಲೆನ್ಸ್ ಹಾಕಿದ ಡಿಎಸ್‌ಎಲ್‌ಆರ್‌ನ ಕಿಂಡಿಯಲ್ಲಿ ಸೂರ್ಯನನ್ನು ನೋಡುವುದು ಬೇಡವೇ ಬೇಡ, ಹಿಂದಿನ ಪರದೆಯಲ್ಲಿ ನೋಡಿ.

ಡ್ರೋನ್ ಮನೆಯಲ್ಲೇ ಇರಲಿ. ಅದು ಗಡಿ ಜಿಲ್ಲೆ, ಊರ ಪಕ್ಕದಲ್ಲೇ ವಾಯುಪಡೆಯ ನೆಲೆಯಿದೆ. ಅನುಮತಿಯಿಲ್ಲದೆ ಹಾರಿಸಿದರೆ ಎಲ್ಲೋ ಕೂತು ವಿವರಣೆ ಕೊಡಬೇಕಾಗುತ್ತದೆ. ಅಲ್ಲದೆ ಆ ಭಾಗದಲ್ಲಿ 3,162 ಚದರ ಕಿ.ಮೀ. ಹರಡಿರುವ ಮರುಭೂಮಿ ರಾಷ್ಟ್ರೀಯ ಉದ್ಯಾನವಿದೆ, ಅಳಿವಿನಂಚಿಗೆ ಬಂದಿರುವ ಗೋಡಾವಣ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯ ನೆಲೆ ಅದು. ಜೀಪಿನವನು ಅಡ್ಡದಾರಿ ಹಿಡಿಯುತ್ತೇನೆ ಅಂದರೆ ಬೇಡ ಅನ್ನಿ.

ಮೂರನೇ ಸಂಜೆ ಬೇರೆಲ್ಲೂ ಹೋಗದೆ ಖುರಿಯ ಅದೇ ದಿಬ್ಬಕ್ಕೆ ಹೋದೆ. ನೋಡಿದ ಜಾಗಕ್ಕೆ ಎರಡನೇ ಸಲ ಹೋಗುವುದು ಹೊಸ ಜಾಗ ಹುಡುಕುವುದಕ್ಕಿಂತ ಲೇಸು. ಎಲ್ಲಿ ನಿಲ್ಲಬೇಕು, ಎಲ್ಲಿ ಕಾಲಿಡಬಾರದು ಗೊತ್ತಿರುತ್ತದೆ. ಅಂದು ಮೇಲೆ ತೆಳುಮೋಡವಿತ್ತು. ಸೂರ್ಯ ಮುಳುಗಿದ್ದೇ ತಡ, ದೂರದಲ್ಲಿ ಕೂತಿದ್ದವರೆಲ್ಲ ಚಪ್ಪಾಳೆ ತಟ್ಟಿ ಎದ್ದು ಜೀಪು ಹತ್ತಿದರು. ಭಾವನೂ ಚೀಲ ಹೆಗಲಿಗೇರಿಸಿದರು.

"ಮುಗೀತಲ್ಲೋ, ಇನ್ನೇನು ಕಾಯ್ತೀಯಾ?"

"ಇರಿ ಭಾವ, ಈಗ ಶುರು."

"ನಿನ್ನ ಅಕ್ಕನೂ ಹೊರಡೋವಾಗ ಹೀಗೇ ಅಂತಾಳೆ."

ಹತ್ತು ನಿಮಿಷ ಏನೂ ಆಗಲಿಲ್ಲ. ಬೂದು. ಆಮೇಲೆ ನೆಲದಡಿಯಿಂದ ಬೆಳಕು ಮೋಡದ ಹೊಟ್ಟೆಗೆ ತಾಗಿತು. ಮೊದಲು ಅಂಚುಗಳಿಗೆ, ಆಮೇಲೆ ಇಡೀ ಪಡುವಣಕ್ಕೆ ಕುಂಕುಮದ ಬಣ್ಣ. ಎತ್ತರದ ಮೋಡಕ್ಕೆ ಸೂರ್ಯ ಇನ್ನೂ ಕಾಣುತ್ತಿರುತ್ತಾನೆ, ನೆಲದ ಮೇಲಿನ ನಮಗಷ್ಟೇ ಇಲ್ಲ. ಸೂರ್ಯ ದಿಗಂತದಿಂದ 6 ಡಿಗ್ರಿ ಕೆಳಗಿಳಿಯುವ ತನಕದ ಹೊತ್ತು ಅಲ್ಲಿ ಸುಮಾರು 25 ನಿಮಿಷ ಸಿಗುತ್ತದೆ. ಜನ ಬಿಟ್ಟುಹೋಗುವುದು ಅದನ್ನೇ. ಟ್ರೈಪಾಡ್ ಬೇಕಾಗುವುದೂ ಆಗಲೇ. ಕಾಲುಗಳನ್ನು ಮರಳಿಗೆ ಒತ್ತಿ ಹೂತು ನಿಲ್ಲಿಸಿ, ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆಯನ್ನು, ಅಂದರೆ ಐಎಸ್ಒವನ್ನು, 100ಕ್ಕೆ ಇಳಿಸಿ, ಕೈ ತಾಗದಂತೆ ಟೈಮರ್ ಹಾಕಿ.

ಮತ್ತೆ, ದಯವಿಟ್ಟು ಒಂದು ಸಲ ಹಿಂದಕ್ಕೆ ತಿರುಗಿ. ನಾನು ತಿರುಗಿದ್ದು ಭಾವ ಕರೆದಿದ್ದಕ್ಕೆ. ಮೂಡಣದಲ್ಲಿ, ನೆಲಕ್ಕೆ ಅಂಟಿಕೊಂಡು ಬೂದುನೀಲಿಯ ಪಟ್ಟಿ, ಅದರ ಮೇಲೆ ತೆಳು ಗುಲಾಬಿ. ಕೆಳಗಿನದು ಭೂಮಿಯ ನೆರಳು, ಗಾಳಿಯ ಮೇಲೆ ಬಿದ್ದದ್ದು. ಬೇರೆ ಕಡೆ ಮನೆ, ಮರ, ಗುಡ್ಡ ಅಡ್ಡ ಬರುತ್ತವೆ. ಅಲ್ಲಿ ಅಡ್ಡ ಬರಲು ಏನಿದೆ? ಪಟ್ಟಿ ನೋಡನೋಡುತ್ತಲೇ ಮೇಲೇರುತ್ತದೆ. ಹುಣ್ಣಿಮೆಯ ಹಿಂದಿನ ದಿನ ಹೋದರೆ ಆ ಗುಲಾಬಿಯ ಹತ್ತಿರವೇ ಚಂದ್ರನೂ ಸಿಗುತ್ತಾನೆ. ಮಾಘ ಹುಣ್ಣಿಮೆಯ ಹೊತ್ತಿಗೆ ಮರು ಉತ್ಸವ, ಅಂದರೆ ಮರುಭೂಮಿ ಹಬ್ಬ, ನಡೆಯುವುದರಿಂದ ಆ ದಿನಗಳಲ್ಲಿ ಮಾತ್ರ ಸಮ್ ಕಡೆ ತಲೆ ಹಾಕಬೇಡಿ, ಜಾತ್ರೆಯೇ ಬೇಕಿದ್ದರೆ ಸರಿ.

ಮರಳಿಗೆ ಹೋಗಲಾಗದ ಸಂಜೆಯೊಂದು ಉಳಿದರೆ ಊರ ಉತ್ತರಕ್ಕೆ ಬಡಾ ಬಾಗ್ ಇದೆ, ರಾಜಮನೆತನದವರ ನೆನಪಿಗೆ ಕಟ್ಟಿದ ಛತ್ರಿಗಳು, ಅಂದರೆ ಗುಮ್ಮಟವಿರುವ ಕಲ್ಲಿನ ಮಂಟಪಗಳು. ಊರಿನಲ್ಲಿ ಕಾಣುವ ಅದೇ ಹಳದಿ ಕಲ್ಲು, ಸಂಜೆಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಹಿನ್ನೆಲೆಯಲ್ಲಿ ಗಾಳಿಯಂತ್ರಗಳು ಬೀಳುತ್ತವೆ. ಕೆಲವರು ಅವನ್ನು ಅಳಿಸುತ್ತಾರೆ, ನನಗೆ ಇರುವುದೇ ಚೆಂದ.

ವಾಪಸು ಬರುವಾಗ ಕತ್ತಲಾಗಿರುತ್ತದೆ. ಎಲ್ಲ ದಿಬ್ಬವೂ ಒಂದೇ ಥರ ಕಾಣುತ್ತದೆ, ಬಂದ ಹೆಜ್ಜೆ ಗಾಳಿಗೆ ಅಳಿಸಿರುತ್ತದೆ. ಜೀಪು ನಿಂತ ಜಾಗವನ್ನು ಫೋನಿನ ಮ್ಯಾಪಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಹೊತ್ತು ಮುಳುಗಿದ ಅರ್ಧ ಗಂಟೆಗೇ ಚಳಿ ಮೂಳೆ ಹಿಡಿಯುತ್ತದೆ. ಬ್ಯಾಟರಿಯೂ ಆ ಚಳಿಗೆ ಬೇಗ ಸೊರಗುತ್ತದೆ, ಇನ್ನೊಂದನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ರಾತ್ರಿ ಕೋಣೆಗೆ ಬಂದ ಮೇಲೆ ಟ್ರೈಪಾಡ್ ಕಾಲುಗಳನ್ನು ಹಾಗೇ ಒಳಕ್ಕೆ ದೂಡಬೇಡಿ. ಬಿಚ್ಚಿ, ಒಂದೊಂದು ಕೊಳವೆಯನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಅದನ್ನು ಬಚ್ಚಲಿನಲ್ಲಿ ಮಾಡಿ. ನಾನು ಮಂಚದ ಮೇಲೆ ಮಾಡಿದೆ, ಭಾವ ಮಲಗುವ ಕಡೆ.