ಕ್ವಿಜ್ ಗೆದ್ದರೆ ಮತ್ತೆ ಕೆಲಸಕ್ಕೇ ಕಳಿಸುತ್ತಿದ್ದರು

ಹಳೇ ಟೀವಿ ಕ್ವಿಜ್‌ಗಳ ಹುಚ್ಚು ನನಗೆ. ಅದರಲ್ಲೂ ಒಂದೇ ಕಡೆ ದುಡಿಯುವವರು, ಒಂದೇ ಕಸುಬಿನವರು ಟೀಮ್ ಕಟ್ಟಿಕೊಂಡು ಬರುವಂಥವು ಅಂದರೆ ಪ್ರಾಣ. ಈ ಪೈಕಿ ನನ್ನ ಲೆಕ್ಕದಲ್ಲಿ ಒಂದನೇ ನಂಬರ್ ಬ್ರಿಟನ್ನಿನ ‘ಬಸ್‌ಮನ್ಸ್ ಹಾಲಿಡೇ’. ಗ್ರಾನಡಾ ಟೆಲಿವಿಷನ್‌ನವರು ಐಟಿವಿ ಚಾನೆಲ್ಲಿಗೆ ಮಾಡಿಕೊಟ್ಟದ್ದು. ರಜೆಯಲ್ಲೂ ತನ್ನ ಕೆಲಸವನ್ನೇ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಹೀಗನ್ನುತ್ತಾರೆ. 1985ರಲ್ಲಿ ಶುರುವಾಗಿ 1993ಕ್ಕೆ ಮುಗಿಯಿತು.

ಟೀಮಿಗೆ ಮೂವರು, ಮೂವರದ್ದೂ ಒಂದೇ ಕಸುಬು. ಗೆದ್ದವರಿಗೆ ವಿದೇಶ ಪ್ರವಾಸ. ಹೋಗಿ ಬೀಚಲ್ಲಿ ಕಾಲು ಚಾಚಿ ಮಲಗೋ ಹಾಗಿಲ್ಲ. ಆ ದೇಶದಲ್ಲಿ ತಮ್ಮದೇ ಕೆಲಸ ಮಾಡುವವರನ್ನು ಹುಡುಕಿಕೊಂಡು ಹೋಗಬೇಕು, ಅವರು ಅದನ್ನು ಹೇಗೆ ಮಾಡುತ್ತಾರೆ ಅಂತ ನೋಡಬೇಕು. ಇಂಥ ಬಹುಮಾನ ಯಾರಿಗೆ ಹೊಳೆಯಿತೋ, ಅವರ ತಲೆಗೊಂದು ಸಲಾಮು.

ಇದೇನು ಶಿಕ್ಷೆ ಅಂತ ಕೇಳಬಹುದು. ನಮ್ಮಪ್ಪನನ್ನು ನೋಡಿದ್ದರೆ ಕೇಳುತ್ತಿರಲಿಲ್ಲ. ಅವರು ಬಸ್ ಡ್ರೈವರ್. ರಜೆ ಹಾಕಿ ಧರ್ಮಸ್ಥಳಕ್ಕೆ ಹೊರಟರೂ ಅವರಿಗೆ ಮುಂದಿನ ಸೀಟೇ ಬೇಕು. ಶಿರಾಡಿ ಘಾಟಿ ಇಳಿಯುವಾಗ ಇವರ ಕಣ್ಣು ಕಾಡಿನ ಮೇಲಲ್ಲ, ಗೇರ್ ರಾಡಿನ ಮೇಲೆ. ‘ಇಲ್ಲಿ ಸೆಕೆಂಡ್ ಹಾಕ್ಬೇಕಿತ್ತು’ ಅಂತ ಗೊಣಗುವರು. ಊಟಕ್ಕೆ ನಿಲ್ಲಿಸಿದರೆ ಸಾಕು, ಆ ಡ್ರೈವರ್ ಜೊತೆ ಡಿಪೋ, ಡ್ಯೂಟಿ, ಕೆಎಂಪಿಎಲ್ (ಲೀಟರ್ ಡೀಸೆಲ್ಲಿಗೆ ಎಷ್ಟು ಕಿಲೋಮೀಟರ್) ಅಂತ ಶುರು. ಅಮ್ಮ ಕರೆದೂ ಕರೆದೂ ಸುಸ್ತು. ಅವರನ್ನು ಯಾರಾದರೂ ಲಂಡನ್ನಿನ ಡಬಲ್ ಡೆಕ್ಕರ್ ಡಿಪೋಗೆ ಕಳಿಸಿದ್ದರೆ ವಾಪಸ್ ಬರುತ್ತಿದ್ದರೋ ಇಲ್ಲವೋ!

ಮೊದಲ ವರ್ಷಗಳಲ್ಲಿ ಈ ಬ್ರಿಟಿಷ್ ಕ್ವಿಜ್ ನಡೆಸಿಕೊಟ್ಟವರು ಜೂಲಿಯನ್ ಪೆಟಿಫರ್. ಬಿಬಿಸಿಗೆ ವಿಯೆಟ್ನಾಂ ಯುದ್ಧದ ವರದಿ ಮಾಡಿದ ಪತ್ರಕರ್ತ. ಆಮೇಲೆ ಸಾರಾ ಕೆನಡಿ, ಕೊನೆಗೆ ಎಲ್ಟನ್ ವೆಲ್ಸ್‌ಬಿ. ನನಗೆ ಪೆಟಿಫರ್ ಆಯ್ಕೆಯೇ ಸರಿ ಅನಿಸುತ್ತದೆ. ಊರೂರು ಸುತ್ತಿ ಜನರ ಬದುಕು ಕೇಳಿ ತಿಳಿದವರಿಗೆ ತಾನೇ ಇಂಥ ಕಾರ್ಯಕ್ರಮ ಒಪ್ಪುವುದು?

ಅದೇ 1985ರಲ್ಲಿ ನಮ್ಮ ದೂರದರ್ಶನಕ್ಕೆ ಸಿದ್ಧಾರ್ಥ ಬಸು ಅವರ ‘ಕ್ವಿಜ್ ಟೈಮ್’ ಬಂತು. ಅಲ್ಲಿ ಕಾಲೇಜು ಟೀಮುಗಳು. ದುಡಿಯುವವರ ಸರದಿ ಕಾರ್ಪೊರೇಟ್ ಕ್ವಿಜ್‌ಗಳದ್ದು. 2004ರಲ್ಲಿ ಶುರುವಾದ ಟಾಟಾ ಕ್ರೂಸಿಬಲ್ ಗೊತ್ತಲ್ವಾ? ‘ಪಿಕ್‌ಬ್ರೇನ್’ ಅಂತಲೇ ಹೆಸರಾದ ಗಿರಿ ಬಾಲಸುಬ್ರಮಣ್ಯಂ ಪ್ರಶ್ನೆ ಕೇಳುವುದು, ಆಗೆಲ್ಲ ಒಂದೇ ಕಂಪನಿಯ ಇಬ್ಬರು ಸೇರಿ ಉತ್ತರ ಹೇಳುತ್ತಿದ್ದರು. ಗಿರಿ ಅವರ ಚುರುಕು ನನಗೆ ತುಂಬಾ ಇಷ್ಟ.

ತಕರಾರು ಇರುವುದು ಬೇರೆ ಕಡೆ. ಕಾರ್ಪೊರೇಟ್ ಕ್ವಿಜ್‌ನಲ್ಲಿ ಕಂಪನಿ ಹೆಸರು ಮೇಜಿನ ಮುಂದಿನ ಬೋರ್ಡಿಗಷ್ಟೇ. ಹಿಂದೆ ಕೂತವರು ಅಲ್ಲಿ ಏನು ಕೆಲಸ ಮಾಡುತ್ತಾರೆ ಅನ್ನುವುದು ಯಾರಿಗೂ ಬೇಕಿಲ್ಲ. ಈ ಲೋಗೊ ಯಾರದ್ದು, ಆ ಜಾಹೀರಾತಿನ ಸಾಲು ಯಾವುದು, ಯಾರು ಯಾರನ್ನು ಕೊಂಡುಕೊಂಡರು. ಪೇಪರ್ ಓದಿಕೊಂಡು ಹೋದರೆ ಅರ್ಧ ಗೆದ್ದಂತೆ. ನಾನೂ ಒಮ್ಮೆ ಫ್ಯಾಕ್ಟರಿಯ ಗೆಳೆಯನನ್ನು ಕಟ್ಟಿಕೊಂಡು ಇಂಥದ್ದೊಂದಕ್ಕೆ ಹೋಗಿದ್ದೆ. ಪ್ರಿಲಿಮ್ಸ್‌ನಲ್ಲೇ ಔಟ್, ಬಿಡಿ. ಆದರೆ ನನ್ನ ಗೆಳೆಯ ಎಂಥವನು ಗೊತ್ತಾ? ಪಂಪಿನ ಸದ್ದು ಕೇಳಿಯೇ ಯಾವ ಬೇರಿಂಗ್ ಹೋಗಿದೆ ಅಂತ ಹೇಳುವವನು. ಆ ಕಿವಿಗೆ ಅಲ್ಲಿ ಒಂದು ಪಾಯಿಂಟೂ ಇಲ್ಲ.

ಕನ್ನಡದಲ್ಲಿ ಯಾರಾದರೂ ಆ ಬ್ರಿಟಿಷ್ ಕ್ವಿಜ್ ಥರದ್ದನ್ನು ಮಾಡಬೇಕು. ಒಂದು ಕಡೆ ಮೂವರು ಲೈನ್‌ಮನ್‌ಗಳು, ಇನ್ನೊಂದು ಕಡೆ ಮೂವರು ನರ್ಸ್‌ಗಳು. ಗೆದ್ದ ಲೈನ್‌ಮನ್‌ಗಳನ್ನು ಲಡಾಖ್‌ಗೆ ಕಳಿಸಿ. ಆ ಚಳಿಯಲ್ಲಿ ಕಂಬ ಹತ್ತುವುದು ಹೇಗೆ ಅಂತ ನೋಡಿ ಬರಲಿ, ಜೊತೆಗೊಂದು ಕ್ಯಾಮೆರಾ ಹೋಗಲಿ. ಕೋಟಿ ರೂಪಾಯಿ ಇಡದಿದ್ದರೆ ಜನ ನೋಡಲ್ಲ ಅಂತ ಮಾತ್ರ ಹೇಳಬೇಡಿ. ಚಂದನದಲ್ಲಿ 2002ರಲ್ಲಿ ಶುರುವಾದ ‘ಥಟ್ ಅಂತ ಹೇಳಿ’ಯಲ್ಲಿ ನಾ. ಸೋಮೇಶ್ವರ ಅವರು ಕೊಡುತ್ತಾ ಬಂದಿರುವುದು ಬರೀ ಪುಸ್ತಕ.