ಕೇಂಡದ್ದ್ ಠಾಕುರ್ಲಿ ಅಕ್ಕ ಅಲ್ದಾ?

ಮೊನ್ನೆ ಬುಧವಾರ ಬೆಳಗ್ಗೆ ಅಮ್ಮನ ವಾಟ್ಸಾಪ್ ವಾಪಸ್ ಬಂತು. ಪೂರ್ತಿ ಏಳು ದಿನ ಬಂದ್ ಆಗಿತ್ತು. ಈ ಏಳೂ ದಿನ ನನ್ನ ತಲೆಯಲ್ಲಿ ಅಮ್ಮನ ಒಂದೇ ಮಾತು ಗಿರಕಿ ಹೊಡೀತಾ ಇತ್ತು, ಮುಂಬೈನ ಡೊಂಬಿವಲಿ ಫಾಸ್ಟ್ ಲೋಕಲ್ ರೈಲಿನಲ್ಲಿ ಒಂದು ಕಾಲಲ್ಲಿ ನಿಂತಾಗ್ಲೂ ಅದೇ, ರಾತ್ರಿ ಫ್ಯಾನ್ ನೋಡ್ತಾ ಮಲಗಿದಾಗ್ಲೂ ಅದೇ. "ಕೇಂಡದ್ದ್ ಠಾಕುರ್ಲಿ ಅಕ್ಕ ಅಲ್ದಾ? ಕೊಡುದಿಲ್ಲ ಅಂದೇಳಿ ಹ್ಯಾಂಗ್ ಹೇಳುದ್?" ಅಂದ್ರೆ, ಕೇಳಿದ್ದು ಠಾಕುರ್ಲಿ ಅಕ್ಕ ಅಲ್ವಾ, ಕೊಡಲ್ಲ ಅಂತ ಹೇಗೆ ಹೇಳೋದು.

ಅಮ್ಮನಿಗೆ ಅರವತ್ತೆಂಟು. ಕುಂದಾಪುರ ಕಡೆಯವಳು, ಮದುವೆ ಆಗಿ ಬಂದಾಗಿಂದ ಡೊಂಬಿವಲಿ. ಹೋದ ವರ್ಷ ಗಣೇಶ ಚೌತಿವರೆಗೂ ಅವಳ ಹತ್ರ ಇದ್ದಿದ್ದು ಬಟನ್ ಫೋನು. ಆಮೇಲೆ ನನ್ನ ಹಳೇ ಫೋನ್ ಕೊಟ್ಟೆ, ನನ್ನ ಮಗಳು ಅಜ್ಜಿಗೆ ಟೀಚರಾದ್ಲು. ಟೈಪಿಂಗ್ ಬಗ್ಗಲಿಲ್ಲ, ಮೈಕ್ ಒತ್ತಿ ಮಾತಾಡೋದು ಬಗ್ಗಿತು. ಆದ್ರೆ ಆ ಮೈಕ್‌ಗೆ ನಮ್ಮ ಕುಂದಾಪುರ ಕನ್ನಡ ಎಲ್ಲಿಂದ ಬರಬೇಕು. ಮಧ್ಯಾಹ್ನ ಒಂದು ಗಂಟೆಗೆ ಅಮ್ಮ "ಉಂಡ್ಯಾ?" ಅಂತ ಕೇಳಿದ್ರೆ ಅದು "ಉಂಡೆ" ಅಂತ ಬರೀತಿತ್ತು. ದಿನಾ ಒಂದು ಗಂಟೆಗೆ ಆಫೀಸಲ್ಲಿ ನನ್ನ ಫೋನಿಗೆ ಒಂದು ಉಂಡೆ. ಪುಣೆಯಲ್ಲಿರೋ ಅಕ್ಕನಿಗೂ ಒಂದು ಉಂಡೆ, ವಿರಾರ್ ಚಿಕ್ಕಪ್ಪನಿಗೂ ಒಂದು. ಚಿಕ್ಕಪ್ಪ ಮೊದಲ ಸಲ ನೋಡಿ ಎಳ್ಳುಂಡೆ ಮಾಡಿರಬೇಕು ಅತ್ತಿಗೆ ಅಂತ ಆಸೆಯಿಂದ ಭಾನುವಾರ ಮನೆಗೇ ಬಂದಿದ್ರು.

ಇನ್ನು ಸೇಫ್ಟಿ ಪಾಠ ನನ್ನದು. ಗೊತ್ತಿಲ್ಲದ ನಂಬರ್ ಎತ್ತಬೇಡ, ಲಿಂಕ್ ಒತ್ತಬೇಡ, ಬ್ಯಾಂಕ್‌ನೋರು ಅಂತ ಹೇಳ್ಕೊಂಡು ಒಟಿಪಿ ಕೇಳಿದ್ರೆ ಫೋನ್ ಇಡು, ಪೊಲೀಸ್ ಅಂತ ವಿಡಿಯೋ ಕಾಲ್ ಬಂದ್ರೆ ಹೆದರಬೇಡ, ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ, 2024ರ ಅಕ್ಟೋಬರ್‌ನಲ್ಲಿ ಪ್ರಧಾನಿನೇ ಮನ್ ಕೀ ಬಾತ್‌ನಲ್ಲಿ ಹೇಳಿದಾರೆ ಅಂತೆಲ್ಲ. ಅಮ್ಮ ಪಾಠ ಚೆನ್ನಾಗೇ ಕಲ್ತಿದ್ಲು. ಒಂದ್ಸಲ ಒಬ್ಬ ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ ಅಂತ ಗುಡುಗಿದಾಗ "ನಂಗ್ ಪಾರ್ಸೆಲ್ ಕಳ್ಸುವರ್ ಯಾರಿದ್ರ್ ಮಾರಾಯಾ" ಅಂತ ಕುಂದಾಪುರ ಕನ್ನಡದಲ್ಲೇ ಹೇಳಿ ಕಟ್ ಮಾಡಿ ದೋಸೆ ಹಿಟ್ಟು ರುಬ್ಬೋಕೆ ಹೋಗಿದ್ಲು. ಹೀಗಾಗಿ ಅಮ್ಮ ದಡ್ಡಿ ಅಂತ ಯಾರಾದ್ರೂ ಅಂದ್ರೆ ನಂಗೆ ಸಿಟ್ಟು ಬರುತ್ತೆ. ಅಂದವರು ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರ್ತೀನಿ.

ಹೋದ ವಾರದ ಮಂಗಳವಾರ ಹನ್ನೊಂದೂವರೆ ಹೊತ್ತಿಗೆ ಚಿಕ್ಕಪ್ಪನ ಫೋನ್ ಬಂತು. "ಅತ್ಗೆಗ್ ಎಂತ ಆಯ್ತಾ? ಹಿಂದಿಯಂಗೆ ದುಡ್ ಕೇಂತ್ರಲೆ!" ಅವರಿಗೆ ದುಡ್ಡು ಕೇಳಿದ್ದಕ್ಕಿಂತ ಹಿಂದಿಯಲ್ಲಿ ಕೇಳಿದ್ದು ದೊಡ್ಡ ಆಘಾತ. ಮೆಸೇಜ್ ಫಾರ್ವರ್ಡ್ ಮಾಡಿದ್ರು. ನಮಸ್ತೆ, ಥೋಡಾ ಅರ್ಜಂಟ್ ಹೈ, ಮೇರಾ ಯುಪಿಐ ನಹೀ ಚಲ್ ರಹಾ, ಇಸ್ ನಂಬರ್ ಪೇ ಪಾಂಚ್ ಹಜಾರ್ ಭೇಜ್ ದೋ, ಶಾಮ್ ಕೋ ವಾಪಸ್ ದೇ ದೂಂಗಾ. ಅಮ್ಮ ಗಂಡಸರ ಥರ ದೂಂಗಾ ಅಂತಿದಾಳೆ. ಚಿಕ್ಕಪ್ಪ ಹೋಟೆಲ್ ಗಲ್ಲಾದ ಮೇಲೆ ಮೂವತ್ತು ವರ್ಷ ಕೂತ ಮನುಷ್ಯ, ಸುಮ್ನೆ ಇರ್ತಾರಾ, "ಹ್ವಾಯ್ ಅತ್ಗೆ, ಇವತ್ ಎಂತ ಪದಾರ್ಥ?" ಅಂತ ವಾಯ್ಸ್ ಮೆಸೇಜ್ ಹಾಕಿದ್ರಂತೆ. ಆ ಕಡೆಯಿಂದ ಬಂದಿದ್ದು ಒಂದು ಕೈಮುಗಿದ ಚಿತ್ರ ಅಷ್ಟೇ.

ನಾನು ಅಮ್ಮನಿಗೆ ಫೋನ್ ಮಾಡಿದೆ. ಯಾರಿಗಾದ್ರೂ ಏನಾದ್ರೂ ನಂಬರ್ ಕೊಟ್ಟ್ಯಾ ಅಂದೆ. ಹೂಂ, ಠಾಕುರ್ಲಿ ಅಕ್ಕನಿಗೆ ಕೊಟ್ಟೆ ಅಂದ್ಲು. ಯಾಕೆ ಕೊಟ್ಟೆ ಅಂತ ಕಿರುಚಿದೆ. ಆಗ ಆ ಮಾತು ಬಂತು. ಕೇಂಡದ್ದ್ ಠಾಕುರ್ಲಿ ಅಕ್ಕ ಅಲ್ದಾ? ಕೊಡುದಿಲ್ಲ ಅಂದೇಳಿ ಹ್ಯಾಂಗ್ ಹೇಳುದ್?

ಠಾಕುರ್ಲಿ ಅಕ್ಕ ಅಂದ್ರೆ ಪಕ್ಕದ ಸ್ಟೇಷನ್ ಠಾಕುರ್ಲಿ ಕಡೆಯವರು, ಅಮ್ಮನ ಭಜನಾ ಮಂಡಳಿಯವರು. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಹನ್ನೆರಡು ದಿನ ಸ್ಟೀಲ್ ಡಬ್ಬಿಯಲ್ಲಿ ಗಂಜಿ, ಉಪ್ಪಿನಕಾಯಿ ಹಿಡ್ಕೊಂಡು ಬರ್ತಿದ್ದೋರು. ಹುಟ್ಟಿದ್ದೇ ಮುಂಬೈನಲ್ಲಿ, ಓದಿದ್ದು ಮರಾಠಿ ಶಾಲೆ, ಕನ್ನಡ ಮಾತಾಡ್ತಾರೆ ಬರೆಯೋಕೆ ಬರಲ್ಲ, ಹಾಗಾಗಿ ಅವರ ಮೆಸೇಜ್ ಯಾವಾಗ್ಲೂ ಹಿಂದಿಯಲ್ಲೇ. ಅಮ್ಮನೂ ಸ್ಟೇಷನ್ ಬೋರ್ಡ್ ನೋಡಿ ನೋಡಿ ಹಿಂದಿ ಅಕ್ಷರ ಕಲ್ತವಳು, ನಿಧಾನಕ್ಕೆ ಕೂಡಿಸಿ ಓದ್ತಾಳೆ. ಅವತ್ತು ಅಕ್ಕನ ಫೋಟೋ, ಅಕ್ಕನ ಹೆಸರು, ಅಕ್ಕನ ಭಾಷೆಯಲ್ಲೇ ಬಂತು, ತಪ್ಪಿ ನಿಮ್ಮ ನಂಬರಿಗೆ ಆರು ಅಂಕಿಯ ಕೋಡ್ ಹೋಗಿದೆ, ಸ್ವಲ್ಪ ಕಳಿಸಿ ಅಂತ. ಅಕ್ಕನ ಅಕೌಂಟ್ ಅದಕ್ಕೂ ಮೊದಲೇ ಕಳ್ಳನ ಕೈಗೆ ಹೋಗಿತ್ತು, ಅವರಿಗೆ ಅವರ ನಾದಿನಿ ಹೆಸರಲ್ಲಿ ಇದೇ ಥರ ಬಂದಿತ್ತಂತೆ, ನಾದಿನಿಗೆ ಯಾರ ಹೆಸರಲ್ಲಿ ಬಂತೋ ದೇವ್ರಿಗೇ ಗೊತ್ತು. ಕಳ್ಳ ತನ್ನ ಫೋನಲ್ಲಿ ವಾಟ್ಸಾಪ್ ಹಾಕ್ಕೊಂಡು ಅಮ್ಮನ ನಂಬರ್ ಒತ್ತಿರ್ತಾನೆ, ಇದು ನಿನ್ನದೇನಾ ಅಂತ ಕೇಳೋಕೆ ಕಂಪನಿ ಆ ನಂಬರಿಗೆ ಕೋಡ್ ಕಳಿಸುತ್ತೆ, ಆ ಕೋಡ್ ಅವನಿಗೆ ಸಿಕ್ಕಿದ ಕ್ಷಣ ಅಕೌಂಟ್ ಅವನದ್ದು, ಅಮ್ಮನ ಫೋನ್‌ನಲ್ಲಿ ಲಾಗೌಟ್. 2016ರಿಂದ ಎಂಡ್ ಟು ಎಂಡ್ ಎನ್‌ಕ್ರಿಪ್ಷನ್ ಇದೆ, ನಮ್ಮ ಮಾತು ಮಧ್ಯದಲ್ಲಿ ಯಾರೂ ಓದೋಕಾಗಲ್ಲ, ಎಲ್ಲ ನಿಜ, ಆದ್ರೆ ಬೀಗದ ಕೈ ನಾವೇ ಕೊಟ್ಮೇಲೆ ಬೀಗ ಎಷ್ಟು ಗಟ್ಟಿಯಿದ್ರೆ ಏನು.

ಸಂಜೆ ಮನೆಗೆ ಬಂದು ನೋಡಿದೆ. ಅಡುಗೆಮನೆ ಕ್ಯಾಲೆಂಡರ್‌ನಲ್ಲಿ, ಮಂಗಳವಾರದ ಚೌಕದೊಳಗೆ, "ಸಿಲಿಂಡರ್ ಬಂತು" ಅನ್ನೋದರ ಕೆಳಗೆ ಬಾಲ್‌ಪೆನ್‌ನಲ್ಲಿ ಆರು ಅಂಕಿ. ಆರರ ಪಕ್ಕ ಒಂದು ಹಸಿರು ಬೆರಳಿನ ಗುರುತು. ಅಮ್ಮ ಬಸಳೆ ಹೆಚ್ಚುತ್ತಿದ್ಲು, ಮೆಸೇಜ್ ನೋಡಿ ಕೈ ಸೆರಗಿಗೆ ಒರೆಸಿಕೊಂಡು, ಎಸ್ಸೆಮ್ಮೆಸ್ ತೆರೆದು, ಇದರಿಂದ ಅದಕ್ಕೆ ಹೋಗೋವಷ್ಟರಲ್ಲಿ ಅಂಕಿ ಮರೆತುಹೋಗುತ್ತೆ ಅಂತ ಕ್ಯಾಲೆಂಡರ್‌ನಲ್ಲಿ ಬರೆದು, ಆಮೇಲೆ ಒಂದೊಂದೇ ಒತ್ತಿ ಕಳಿಸಿದಾಳೆ. ಅಷ್ಟು ಕಷ್ಟಪಟ್ಟಿದಾಳೆ. ಎಸ್ಸೆಮ್ಮೆಸ್‌ನಲ್ಲಿ ಈ ಕೋಡ್ ಯಾರಿಗೂ ಕೊಡಬೇಡಿ ಅಂತ ಬರೆದಿತ್ತು, ಇಂಗ್ಲಿಷಲ್ಲಿ. ಆ ಹಸಿರು ಗುರುತು ನೋಡಿದಾಗ ನಂಗೆ ಬೆಳಗ್ಗೆ ಕಿರುಚಿದ್ದು ನೆನಪಾಗಿ ಊಟ ಸೇರಲಿಲ್ಲ.

ನಾನು ಕಲಿಸಿದ್ದು ಏನು, ಗೊತ್ತಿಲ್ಲದವರನ್ನ ನಂಬಬೇಡ. ಅವಳು ನಂಬಿದ್ದು ಯಾರನ್ನ, ಗಂಜಿ ತಂದವರನ್ನ. ಪಾಠದಲ್ಲೇ ತೂತು ಇತ್ತಲ್ಲ.

ಇಲ್ಲಿ ನನ್ನದೂ ಒಂದು ಹಳೇ ಕಥೆ ಹೇಳಲೇಬೇಕು. 2001ರಲ್ಲಿ ನಂಗೆ ಹದಿನೇಳು, ಸ್ಟೇಷನ್ ಹತ್ರ ಒಂದು ಸೈಬರ್ ಕೆಫೆ, ಪ್ಲೈವುಡ್ ಗೂಡು, ಗಂಟೆ ಲೆಕ್ಕದ ದುಡ್ಡು, ಯಾಹೂ ಚಾಟ್ ರೂಮು. ಹೋದ ತಕ್ಷಣ ಎಲ್ಲರೂ ಎಎಸ್‌ಎಲ್ ಅಂತ ಕೇಳೋರು, ವಯಸ್ಸು, ಗಂಡೋ ಹೆಣ್ಣೋ, ಯಾವೂರು. ನಾನು ಇಪ್ಪತ್ತೆರಡು, ಬಾಂದ್ರಾ ಅಂತ ಹೊಡೀತಿದ್ದೆ. ಬಾಂದ್ರಾದಲ್ಲಿ ಇಳಿದೂ ಗೊತ್ತಿರಲಿಲ್ಲ. ಆ ಕಡೆಯ ಹತ್ತೊಂಬತ್ತರ ಕೊಲಾಬಾ ಹುಡುಗಿ ಬಹುಶಃ ಉಲ್ಲಾಸನಗರದ ನಲವತ್ತರ ಗಂಡಸು. ನಂಗೂ ಗೊತ್ತು, ಅವನಿಗೂ ಗೊತ್ತು, ಯಾರೂ ಯಾರಿಗೂ ಒಂದು ರೂಪಾಯಿ ಕಳಿಸ್ತಿರಲಿಲ್ಲ. 2012ರಲ್ಲಿ ಆ ರೂಮುಗಳು ಮುಚ್ಚಿದ್ವು, 2018ರಲ್ಲಿ ಯಾಹೂ ಮೆಸೆಂಜರೇ ಹೋಯ್ತು. ಅಲ್ಲಿ ಎಲ್ಲರೂ ಸುಳ್ಳು ಅನ್ನೋದೇ ಒಂಥರಾ ರಕ್ಷಣೆ ಆಗಿತ್ತು ಅಂತ ಈಗ ಅನ್ಸುತ್ತೆ. ಅಮ್ಮ ಕಾಲಿಟ್ಟಿದ್ದು ಎಲ್ಲರೂ ನಿಜವಾದ ಹೆಸರು, ನಿಜವಾದ ಫೋಟೋ ಹಾಕ್ಕೊಂಡಿರೋ ಕಡೆ, ಒಳಗಿರೋರೆಲ್ಲ ನಮ್ಮೋರೇ, ಅಲ್ಲಿ ಅನುಮಾನ ಪಡೋದು ಅಂದ್ರೆ ಮನೆಗೆ ಬಂದೋರ ಆಧಾರ್ ಕಾರ್ಡ್ ಕೇಳಿದ ಹಾಗೆ.

ಸರಿ, ಆ ಬೆಳಗ್ಗೆಗೆ ವಾಪಸ್. ನಂಗೆ ಗೊತ್ತಿದ್ದ ಉಪಾಯ ಒಂದೇ, ಅಮ್ಮನ ಫೋನಲ್ಲಿ ನಂಬರ್ ಮತ್ತೆ ಹಾಕಿ ಹೊಸ ಕೋಡ್ ತರಿಸಿ ಒತ್ತಿದ್ರೆ ಅವನು ಹೊರಗೆ ಬೀಳ್ತಾನೆ. ಫೋನಲ್ಲೇ ಹೇಳಿಕೊಟ್ಟೆ, ಅಲ್ಲಿ ಒತ್ತು, ಹೂಂ, ಈಗ ಕೋಡ್ ಬಂತಾ, ಏನು ಬಂತು ಹೇಳು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೇಳುದಿಲ್ಲ. ನೀನೇ ಅಲ್ದಾ ಈಗ ಬೈದದ್ದ್. ನೀ ನನ್ ಮಗನೇ ಅಂದೇಳಿ ಎಂತ ಗ್ಯಾರಂಟಿ?" ನಾನು ಘಾಟ್ಕೋಪರ್ ಆಫೀಸಿನ ಮೆಟ್ಟಿಲ ಮೇಲೆ ನಿಂತು ನಗಬೇಕೋ ಅಳಬೇಕೋ ಗೊತ್ತಾಗದೆ, ಸರಿ ನಂಗೆ ಹೇಳಬೇಡ, ನೀನೇ ಒತ್ತು ಅಂದೆ. ಒತ್ತಿದ್ಲು. ಅವನು ಹೊರಗೆ ಹೋದ. ಆದ್ರೆ ಅಷ್ಟರಲ್ಲಿ ಅವನು ಟೂ ಸ್ಟೆಪ್ ಪಿನ್ ಅಂತ ಒಂದು ತನ್ನ ಬೀಗ ಹಾಕಿಟ್ಟಿದ್ದ, ಆ ಪಿನ್ ಗೊತ್ತಿಲ್ಲ ಅಂದ್ರೆ ಏಳು ದಿನ ಕಾಯಬೇಕು. ಅದೇ ಪಿನ್ ನಾನು ಚೌತಿಯ ದಿನವೇ ಹಾಕಿಕೊಟ್ಟಿದ್ರೆ, ಸೆಟ್ಟಿಂಗ್ಸ್‌ಗೆ ಹೋಗಿ ಅಕೌಂಟ್ ಒತ್ತಿ ಎರಡು ನಿಮಿಷದ ಕೆಲಸ, ಕೋಡ್ ಕೊಟ್ರೂ ಅವನು ಬಾಗಿಲಲ್ಲೇ ನಿಲ್ತಿದ್ದ. ಡಿಜಿಟಲ್ ಅರೆಸ್ಟ್ ಬಗ್ಗೆ ಅರ್ಧ ಗಂಟೆ ಭಾಷಣ ಮಾಡಿದ್ದೆ, ಇದಕ್ಕೆ ಎರಡು ನಿಮಿಷ ಸಿಕ್ಕಿರಲಿಲ್ಲ.

ಇಷ್ಟರಲ್ಲಿ ನಮ್ಮ ಮೇಲಿನ ಮಹಡಿಯ ಕಾಕು, ಅಂದ್ರೆ ಆಂಟಿ, ಐದು ಸಾವಿರ ಕಳಿಸಿ ಆಗಿತ್ತು.

ಕಳ್ಳನಿಗೆ ಗ್ರೂಪುಗಳು ಸಿಗುತ್ತೆ, ಅದರಲ್ಲಿರೋ ನಂಬರ್ ಎಲ್ಲ ಸಿಗುತ್ತೆ, ಹಳೇ ಮಾತುಕತೆ ಸಿಗಲ್ಲ, ಅದು ಅಮ್ಮನ ಫೋನಲ್ಲೇ ಉಳಿಯುತ್ತೆ. ಅದಕ್ಕೇ ಅಮ್ಮ ಚಿಕ್ಕಪ್ಪನ ಹತ್ರ ಹೇಗೆ ಮಾತಾಡ್ತಾಳೆ ಅಂತ ಅವನಿಗೆ ಗೊತ್ತಾಗಲಿಲ್ಲ, ಎಲ್ಲರಿಗೂ ಒಂದೇ ಹಿಂದಿ ಮೆಸೇಜ್ ಬಿಟ್ಟ. ನಮ್ಮವರೆಲ್ಲ ಅದಕ್ಕೇ ಬಚಾವ್. ಆದ್ರೆ ನಮ್ಮ ಬಿಲ್ಡಿಂಗ್ ಹೆಂಗಸರ ಹಳದಿ ಕುಂಕು ಗ್ರೂಪಲ್ಲಿ ಕಾಕು ಇದ್ರು, ಕಾಕು ಮರಾಠಿಯವರು, ಅಮ್ಮನ ಹತ್ರ ಇಷ್ಟು ವರ್ಷ ಮಾತಾಡಿದ್ದೇ ಹಿಂದಿಯಲ್ಲಿ. ದೂಂಗಾ ಅಂತ ಬರೆದಿತ್ತಲ್ಲ ಕಾಕು, ಅನುಮಾನ ಬರಲಿಲ್ವಾ ಅಂತ ಕೇಳಿದೆ. ಅವರು ಸಂಕೋಚದಿಂದ, ನಿನ್ನ ಆಯಿ ಯಾವಾಗ್ಲೂ ಹಾಗೇ ಅಲ್ವಾ, ಮೈ ಆತಾ ಹೂಂ, ಮೈ ಜಾತಾ ಹೂಂ ಅಂತಾನೇ ಹೇಳೋದು ಅಂದ್ರು. ಅದೂ ನಿಜವೇ. ದುಡ್ಡು ಕಳಿಸೋ ಮುಂಚೆ ಪರದೆ ಮೇಲೆ ಯಾರದ್ದೋ ಗಂಡಸಿನ ಹೆಸರು ಬಂತಂತೆ, ನಿಮ್ಮ ಊರಿನವರು ಯಾರೋ ಇರಬೇಕು ಅಂದ್ಕೊಂಡ್ರಂತೆ.

ಚಿಕ್ಕಪ್ಪ ದುಡ್ಡು ಕೊಡಲಿಲ್ಲ, ಕಾಕು ಕೇಳಿದ ಕೂಡ್ಲೇ ಕೊಟ್ರು. ನಾನು ಯಾರ ಬುದ್ಧಿ ಹೊಗಳಲಿ. ಹನ್ನೆರಡು ಗಂಟೆಯೊಳಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಯಾವ ಬ್ಯಾಂಕು, ಎಷ್ಟು ಹೊತ್ತಿಗೆ, ಟ್ರಾನ್ಸಾಕ್ಷನ್ ನಂಬರ್ ಏನು ಅಂತ ಕೇಳಿ ಕಂಪ್ಲೇಂಟ್ ಬರ್ಕೊಂಡ್ರು. ಬೇಗ ಹೇಳಿದಷ್ಟೂ ದುಡ್ಡು ಮುಂದಿನ ಖಾತೆಗೆ ಹಾರೋ ಮೊದಲು ತಡೆಯೋ ಚಾನ್ಸ್ ಜಾಸ್ತಿ. ಇನ್ನೂ ವಾಪಸ್ ಬಂದಿಲ್ಲ. ಅಮ್ಮ ಅವತ್ತೇ ರಾತ್ರಿ ಅಕ್ಕಿ ಡಬ್ಬದ ಹಿಂದಿನಿಂದ ಐದು ಸಾವಿರ ತೆಗೆದು ಮೇಲೆ ಹೋದ್ಲು. ಕಾಕು ತಗೊಳ್ಳಲಿಲ್ಲ. ಅಮ್ಮ ಅವರ ದೇವರ ಗೂಡಿನಲ್ಲಿಟ್ಟು ಬಂದ್ಲು. ಮಾರನೇ ದಿನ ಬೆಳಗ್ಗೆ ಹಾಲಿನ ಚೀಲದಲ್ಲಿ ಆ ದುಡ್ಡು ನಮ್ಮ ಬಾಗಿಲಿಗೇ ನೇತಾಡ್ತಿತ್ತು. ಸದ್ಯಕ್ಕೆ ಅದು ಯಾರ ಹತ್ರ ಇದೆ ಅಂತ ನಂಗೆ ನಿಜವಾಗ್ಲೂ ಗೊತ್ತಿಲ್ಲ, ಈ ಇಬ್ಬರು ಹೆಂಗಸರ ಮಧ್ಯೆ ನಾನು ಹೋಗಲ್ಲ.

ಇನ್ನು ಪುಣೆಯ ಭಾವ. ಫೋನ್ ಮಾಡಿ, ಈ ವಯಸ್ಸಲ್ಲಿ ಅತ್ತೆಗೆ ಸ್ಮಾರ್ಟ್‌ಫೋನ್ ಯಾಕೆ ಬೇಕಿತ್ತು, ವಾಪಸ್ ಬಟನ್ ಫೋನ್ ಕೊಡು ಅಂದ್ರು. ಇದೇ ಭಾವ ಎರಡು ವರ್ಷದ ಹಿಂದೆ ಹಳೇ ಸೋಫಾ ಮಾರೋಕೆ ಹೋಗಿ, ಕೊಳ್ಳೋನು ಕಳಿಸಿದ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದೋರು. ದುಡ್ಡು ಬರೋದಕ್ಕೆ ಪಿನ್ ಯಾಕೆ ಒತ್ತಬೇಕು ಅಂತ ಎಂಜಿನಿಯರ್ ಮನುಷ್ಯನಿಗೆ ಹೊಳೀಲಿಲ್ಲ. ಎಷ್ಟು ಹೋಯ್ತು ಅಂತ ಅಕ್ಕನಿಗೂ ಇವತ್ತಿನವರೆಗೆ ಸರಿಯಾಗಿ ಹೇಳಿಲ್ಲ. ಅಮ್ಮ ಮಾತ್ರ ಕೇಳಿದ ತಕ್ಷಣ ಹೂಂ ಕೊಟ್ಟೆ ಅಂದ್ಲು. ಮುಚ್ಚಿಟ್ಟಿದ್ರೆ ಸಂಜೆವರೆಗೆ ಇನ್ನೆಷ್ಟು ಜನರಿಗೆ ಹೋಗ್ತಿತ್ತೋ. ಹೇಳಿದವಳ ಮೇಲೆ ನಾನು ಕಿರುಚಿದೆ, ಮುಚ್ಚಿಟ್ಟ ಭಾವನಿಗೆ ಚೌತಿಯಲ್ಲಿ ಎರಡನೇ ಸಲ ಹೋಳಿಗೆ ಬಡಿಸಿದ್ವಿ.

ಆ ಏಳು ದಿನ ಅಮ್ಮ ಫೋನನ್ನ ಟಿವಿ ಮೇಲೆ ಬೋರಲು ಹಾಕಿಟ್ಟಿದ್ಲು. ಮಗಳು ಸ್ಕೂಲಿಂದ ಬಂದು ಅಜ್ಜಿ ಗೇಮ್ ಆಡೋಣ ಅಂದ್ರೂ ಮುಟ್ಟಲಿಲ್ಲ. ಶನಿವಾರ ಭಜನೆಗೆ ಹೋಗಲ್ಲ ಅಂದ್ಲು, ಆಮೇಲೆ ಠಾಕುರ್ಲಿ ಅಕ್ಕನೇ ಆಟೋ ಮಾಡ್ಕೊಂಡು ಮನೆಗೆ ಬಂದ್ರು. ಇಬ್ಬರೂ ಬಾಗಿಲಲ್ಲೇ ನಿಂತು ನನ್ನಿಂದ ಆಯ್ತು, ಇಲ್ಲ ನನ್ನಿಂದ ಆಯ್ತು ಅಂತ ಜಗಳ. ಅಕ್ಕ ಚಾ ಕುಡೀತಾ, ನಾನು ಹಾಗೆಲ್ಲ ನಿನ್ನತ್ರ ಏನಾದ್ರೂ ಕೇಳ್ತೀನಾ, ಒಂದು ಫೋನ್ ಮಾಡಬಾರದಿತ್ತಾ ಅಂದ್ರು. ಅಮ್ಮ, ನೀವು ಇಷ್ಟು ವರ್ಷದಲ್ಲಿ ಮೊದಲನೇ ಸಲ ಕೇಳಿದ್ದು ಅಂತಲೇ ಕೊಟ್ಟೆ ಅಂದ್ಲು. ಅಕ್ಕ ಕಪ್ ಕೆಳಗಿಟ್ರು, ಏನೂ ಹೇಳಲಿಲ್ಲ.

ಬುಧವಾರ ಬೆಳಗ್ಗೆ ನಾನೇ ಎಲ್ಲ ಮತ್ತೆ ಹಾಕಿ, ಪಿನ್ ಇಟ್ಟು, ಪಿನ್ ಯಾವುದು ಅಂತ ಅಮ್ಮನಿಗೇ ಒತ್ತೋಕೆ ಹೇಳಿ ಮುಖ ಆ ಕಡೆ ತಿರುಗಿಸಿ ನಿಂತೆ. ಕ್ಯಾಲೆಂಡರ್‌ನಲ್ಲಿ ಬರೀಬೇಡ ಅಂದೆ. ಬರೆಯಲ್ಲ ಅಂದ್ಲು, ಬರೆದಿರ್ತಾಳೆ. ಒಂದು ಗಂಟೆಗೆ ಆಫೀಸಲ್ಲಿ ಫೋನ್ ಟಿಂಗ್ ಅಂತು. ಉಂಡೆ.

ಅಮ್ಮನೇ, ಬೇರೆ ಯಾರಿಗೆ ಸಾಧ್ಯ. ಆದ್ರೂ ಮನಸ್ಸು ತಡೀಲಿಲ್ಲ, ಫೋನ್ ಮಾಡಿದೆ, ಅಮ್ಮ ನೀನೇ ಅಲ್ವಾ ಕಳಿಸಿದ್ದು ಅಂತ. "ಮತ್ ಯಾರ್? ಮೆಸೇಜಿಗೆ ಮೆಸೇಜ್ ಹಾಕುಕ್ ಆತಿಲ್ಯಾ ನಿಂಗೆ?" ಅಂತ ಇಟ್ಟೇಬಿಟ್ಲು. ಟಿಫಿನ್ ಡಬ್ಬಿ ಇನ್ನೂ ತೆರೆದಿರಲಿಲ್ಲ, ಉಂಡೆ ಅಂತ ಟೈಪ್ ಮಾಡಿ ಕಳಿಸಿದೆ.